ವಿದ್ವತ್ಪ್ರಕಟಣ ವೇದಿಕೆಗಳ ಅಂತರರಾಷ್ಟ್ರೀಯ ಸಹಕಾರ

ಸಂಶೋಧನ ಲೇಖನಗಳನ್ನು ಓದುಗರಿಂದ ಯಾವ ಶುಲ್ಕವನ್ನೂ ಪಡೆಯದೆ ಅಂತರ್ಜಾಲದ ಮೂಲಕ ಎಲ್ಲರಿಗೂ ಓದಲು, ಪ್ರತಿ ಮಾಡಿಕೊಳ್ಳಲು, ಹಂಚಲು ಒದಗಿಸುವ ಕ್ರಮಕ್ಕೆ ‘ಮುಕ್ತ ಪ್ರವೇಶ’ ಎಂಬ ಹೆಸರು ರೂಢಿಗೆ ಬಂದಿದೆ. 2001ರ ಡಿಸೆಂಬರಿನಲ್ಲಿ ಬುಡಾಪೆಸ್ಟ್ ನಗರದಲ್ಲಿ ಸೇರಿದ ಒಂದು ಚಿಕ್ಕ ಸಭೆಯ ನಿರ್ಣಯವು 2002ರ ಫೆಬ್ರವರಿ 14ರಂದು ಪ್ರಕಟವಾದುದು, 2003ರ ಅಕ್ಟೋಬರಿನಲ್ಲಿ ಬರ್ಲಿನ್ ಘೋಷಣೆ ಹೊರಬಂದುದು, ಇವು ಈ ವಿಷಯದ ಪ್ರಸ್ತಾಪ ಬಂದಾಗಲೆಲ್ಲ ಮೊದಲು ಉಲ್ಲೇಖಗೊಳ್ಳುವ ಸಂಗತಿಗಳು. ಈ ಘೋಷಣೆಗಳಿಂದಲೇ ಮುಕ್ತ ಪ್ರವೇಶವು ಹುಟ್ಟಿತೆಂದು ಅನೇಕರು ಬರೆದಿದ್ದಾರೆ. ಆದರೆ ಕಾಲಾನುಕ್ರಮವು ಇದಕ್ಕೆ ಅನುಕೂಲವಾಗಿಲ್ಲ. ಬುಡಾಪೆಸ್ಟ್ ಸಭೆಗೆ ಎರಡರಿಂದ ನಾಲ್ಕು ವರ್ಷಗಳ ಮೊದಲೇ ಬ್ರೆಜಿಲ್, ಕೆನಡಾ, ಫ್ರಾನ್ಸ್, ಜಪಾನ್ ದೇಶಗಳಲ್ಲಿಯೂ, ಆಫ್ರಿಕದ ಪತ್ರಿಕೆಗಳಿಗಾಗಿ ಇಂಗ್ಲೆಂಡಿನಲ್ಲಿಯೂ ಇಂಥ ವೇದಿಕೆಗಳು ಕೆಲಸವನ್ನು ಆರಂಭಿಸಿದ್ದವು. ಹೆಸರು ತರುವಾಯ ಬಂದಿತು.

ಇವುಗಳಲ್ಲಿ ಹೆಚ್ಚು ವಿವರವಾಗಿ ಪರಿಶೀಲಿಸತಕ್ಕುದು ಬ್ರೆಜಿಲಿನ ‘ಸಿಯೆಲೋ’. ಆ ದೇಶದ ವಿದ್ವತ್ಪತ್ರಿಕೆಗಳು ಬಹುಮಟ್ಟಿಗೆ ಪೋರ್ಚುಗೀಸ್ ಭಾಷೆಯಲ್ಲಿ ಪ್ರಕಟವಾಗುತ್ತಿದ್ದವು. ಉತ್ತರ ಅಮೆರಿಕ ಮತ್ತು ಯೂರೋಪಿನಲ್ಲಿ ಸಿದ್ಧವಾಗುತ್ತಿದ್ದ ಲೇಖನಸೂಚಿಗಳಲ್ಲಿ ಅವುಗಳ ಪೈಕಿ ಕೆಲವಕ್ಕೆ ಮಾತ್ರ ಸ್ಥಾನವಿತ್ತು. ಸೂಚಿಯಲ್ಲಿಲ್ಲದ ಪತ್ರಿಕೆಯನ್ನು ಗ್ರಂಥಾಲಯವು ತರಿಸುವುದಿಲ್ಲ, ತರಿಸದ ಪತ್ರಿಕೆಯನ್ನು ಯಾರೂ ಉಲ್ಲೇಖಿಸುವುದಿಲ್ಲ, ಉಲ್ಲೇಖಗೊಳ್ಳದ ಪತ್ರಿಕೆಯು ಸೂಚಿಗೆ ಸೇರುವುದಿಲ್ಲ. ಈ ಚಕ್ರದಿಂದ ಹೊರಬರುವ ಸಲುವಾಗಿ 1997ರಲ್ಲಿ ಸಾವೊ ಪೌಲೊ ರಾಜ್ಯದ ಸಂಶೋಧನ ಪೋಷಕ ಪ್ರತಿಷ್ಠಾನವೂ, ಲ್ಯಾಟಿನ್ ಅಮೆರಿಕದ ಆರೋಗ್ಯವಿಜ್ಞಾನ ಮಾಹಿತಿಕೇಂದ್ರವಾದ ‘ಬಿರೆಮೆ’ಯೂ ಕೂಡಿ ಹತ್ತು ಪತ್ರಿಕೆಗಳನ್ನು ಆರಿಸಿಕೊಂಡು ಒಂದು ಪ್ರಯೋಗವನ್ನು ನಡೆಸಿದವು. ಅಬೆಲ್ ಪ್ಯಾಕರ್ ಮತ್ತು ರೊಜೆರಿಯೊ ಮೆನೆಗಿನಿ ಇದರ ಮುಖ್ಯ ಪ್ರವರ್ತಕರು. 1998ರಲ್ಲಿ ಅದು ಸಾರ್ವಜನಿಕವಾಗಿ ತೆರೆಯಿತು. ಅದೇ ವರ್ಷ ಚಿಲಿ ದೇಶವೂ ಸೇರಿಕೊಂಡಿತು.

ಚಿಲಿಯ ಪತ್ರಿಕೆಗಳು ಬ್ರೆಜಿಲಿನ ಸಂಗ್ರಹದಲ್ಲಿ ವಿಲೀನಗೊಳ್ಳಲಿಲ್ಲ ಎಂಬುದು ಇಲ್ಲಿ ಲಕ್ಷಿಸಬೇಕಾದ ಅಂಶ. ಪ್ರತಿಯೊಂದು ದೇಶವೂ ತನ್ನ ಸಂಗ್ರಹವನ್ನು ತನ್ನಲ್ಲಿಯೇ, ತನ್ನ ವಿಜ್ಞಾನ ಸಂಸ್ಥೆಯೊಂದರ ಹೊಣೆಯಲ್ಲಿ, ತನ್ನ ಖರ್ಚಿನಿಂದ ನಡೆಸುತ್ತದೆ. ಪತ್ರಿಕೆಗಳನ್ನು ಆರಿಸುವ ಸಮಿತಿಯೂ ಆಯಾ ದೇಶದ್ದೇ. ಸಮಾನವಾಗಿರುವುದು ವಿಧಾನ ಮಾತ್ರ: ಲೇಖನಗಳು ತಜ್ಞರ ಪರಿಶೀಲನೆಗೆ ಒಳಪಟ್ಟಿರಬೇಕು, ಸಂಚಿಕೆಗಳು ಗೊತ್ತಾದ ಕಾಲಕ್ಕೆ ಹೊರಬರಬೇಕು, ಪ್ರತಿಯೊಂದು ಲೇಖನದ ಗುರುತುಗಳನ್ನು ಒಂದೇ ಕ್ರಮದಲ್ಲಿ ಬರೆದಿಡಬೇಕು. ಈ ಏರ್ಪಾಡಿನಿಂದಾಗಿ ಜಾಲವು ಲ್ಯಾಟಿನ್ ಅಮೆರಿಕದ ಬಹುಭಾಗಕ್ಕೆ ಹರಡಿ, ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳನ್ನೂ ಒಳಗೊಂಡಿತು. ಒಂದು ಕಾಲದಲ್ಲಿ ಆ ಖಂಡವನ್ನು ಆಳಿದ ಎರಡು ದೇಶಗಳು ತಮ್ಮ ಪತ್ರಿಕೆಗಳ ಪ್ರಕಟಣೆಗೆ ಬ್ರೆಜಿಲಿನಲ್ಲಿ ರೂಪುಗೊಂಡ ಪದ್ಧತಿಯನ್ನು ಅಂಗೀಕರಿಸಿದುದು ವಿದ್ಯಾಚರಿತ್ರೆಯಲ್ಲಿ ಅಪರೂಪದ ಸಂಗತಿಯೇ ಸರಿ. 2009ರಲ್ಲಿ ದಕ್ಷಿಣ ಆಫ್ರಿಕದ ವಿಜ್ಞಾನ ಅಕಾಡೆಮಿಯೂ ತನ್ನ ದೇಶದ ಸಂಗ್ರಹವನ್ನು ಇದೇ ವಿಧಾನದಿಂದ ತೆರೆಯಿತು.

ಇತರ ವೇದಿಕೆಗಳನ್ನು ಸಂಕ್ಷೇಪವಾಗಿ ಹೆಸರಿಸಬಹುದು. ಕೆನಡಾದ ಮಾಂಟ್ರಿಯಲ್‌ನಲ್ಲಿ 1998ರಲ್ಲಿ ಪ್ರಾರಂಭವಾದ ‘ಎರುದಿ’ಯು ಮುಖ್ಯವಾಗಿ ಫ್ರೆಂಚ್ ಭಾಷೆಯ ಮಾನವಿಕ ಪತ್ರಿಕೆಗಳಿಗೆ ಮೀಸಲಾದುದು. ಫ್ರಾನ್ಸಿನಲ್ಲಿ ಮಾರಿನ್ ದಾಕೋಸ್ ಎಂಬ ಇತಿಹಾಸಜ್ಞರು 1999ರಲ್ಲಿ ಸ್ಥಾಪಿಸಿದ ಪತ್ರಿಕಾವೇದಿಕೆಯು ಬೆಳೆದು, ಮಾರ್ಸೇಲ್ ನಗರವನ್ನು ಕೇಂದ್ರವಾಗಿ ಉಳ್ಳ ‘ಓಪನ್ ಎಡಿಷನ್’ ಆಗಿದೆ. ಜಪಾನಿನ ‘ಜೆ-ಸ್ಟೇಜ್’ 1999ರಿಂದ ಸರ್ಕಾರದ ವಿಜ್ಞಾನ-ತಂತ್ರಜ್ಞಾನ ಸಂಸ್ಥೆಯ ಆಶ್ರಯದಲ್ಲಿದೆ. ‘ಆಫ್ರಿಕನ್ ಜರ್ನಲ್ಸ್ ಆನ್‌ಲೈನ್’ 1998ರಲ್ಲಿ ಇಂಗ್ಲೆಂಡಿನ ಒಂದು ಸಹಾಯಸಂಸ್ಥೆಯ ಕೈಯಲ್ಲಿ ಆರಂಭವಾಗಿ, 2005ರಲ್ಲಿ ದಕ್ಷಿಣ ಆಫ್ರಿಕಕ್ಕೆ ವರ್ಗಾವಣೆಗೊಂಡಿತು. ಮೆಕ್ಸಿಕೋ ದೇಶದ ತೊಲೂಕಾ ವಿಶ್ವವಿದ್ಯಾನಿಲಯದಲ್ಲಿ 2003ರಲ್ಲಿ ಆರಂಭವಾದ ‘ರೆಡಾಲಿಕ್’ ಮತ್ತು ಅದರ ಆಧಾರದ ಮೇಲೆ 2018ರಲ್ಲಿ ರೂಪುಗೊಂಡ ‘ಅಮೆಲಿಕಾ’ ಇವುಗಳ ವಿಚಾರವು ಮುಂದೆ ಬರುತ್ತದೆ.

2019ರ ಏಪ್ರಿಲಿನಲ್ಲಿ ಜಿನೀವಾ ನಗರದಲ್ಲಿ, ಮಾಹಿತಿ ಸಮಾಜವನ್ನು ಕುರಿತ ವಿಶ್ವಸಮ್ಮೇಳನದ ಸಂದರ್ಭದಲ್ಲಿ, ಯುನೆಸ್ಕೋದ ನೇತೃತ್ವದಲ್ಲಿ ಆರು ವೇದಿಕೆಗಳು ಒಂದು ಜಾಗತಿಕ ಒಕ್ಕೂಟವನ್ನು ಘೋಷಿಸಿದವು. ಸಿಯೆಲೋ, ಅಮೆಲಿಕಾ, ಎರುದಿ, ಓಪನ್ ಎಡಿಷನ್, ಜೆ-ಸ್ಟೇಜ್ ಹಾಗೂ ಆಫ್ರಿಕನ್ ಜರ್ನಲ್ಸ್ ಆನ್‌ಲೈನ್ ಇವೇ ಆ ಆರು. ವಿದ್ಯೆಯು ಸರ್ವರ ಸೊತ್ತು, ಅದು ನಾನಾ ಭಾಷೆಗಳಲ್ಲಿ ಬೆಳೆಯತಕ್ಕುದು ಎಂಬುದು ಘೋಷಣೆಯ ಸಾರ. ತತ್ತ್ವವು ನಿರ್ವಿವಾದವಾದುದು. ಆದರೆ ಆರು ಸಂಸ್ಥೆಗಳ ಆಚರಣೆ ಒಂದೇ ತೆರನಾಗಿರಲಿಲ್ಲವೆಂಬುದನ್ನು ಮರೆಯಲಾಗದು. ಆಫ್ರಿಕನ್ ಜರ್ನಲ್ಸ್ ಆನ್‌ಲೈನ್‌ನಲ್ಲಿ ಹಣ ತೆತ್ತು ಓದಬೇಕಾದ ಪತ್ರಿಕೆಗಳೂ ಇದ್ದವು. ಓಪನ್ ಎಡಿಷನ್ ಸಂಸ್ಥೆಯು ಲೇಖನವನ್ನು ಪರದೆಯ ಮೇಲೆ ಓದಲು ಉಚಿತವಾಗಿ ಕೊಟ್ಟು, ಇಳಿಸಿಕೊಳ್ಳುವ ಪ್ರತಿ ಮೊದಲಾದ ಸೌಕರ್ಯಗಳನ್ನು ಗ್ರಂಥಾಲಯಗಳಿಗೆ ಮಾರುವ ಮಧ್ಯಮಮಾರ್ಗವನ್ನು ಹಿಡಿದಿತ್ತು. ಸಿಯೆಲೋ ಪತ್ರಿಕೆಗಳಲ್ಲಿ ಕೆಲವು ಲೇಖಕರಿಂದ ಶುಲ್ಕವನ್ನು ಪಡೆಯುತ್ತಿದ್ದವು. ಅಮೆಲಿಕಾ ಅದನ್ನು ತತ್ತ್ವತಃ ಒಪ್ಪುತ್ತಿರಲಿಲ್ಲ. ಆದುದರಿಂದ ಇಂಥ ವೇದಿಕೆಗಳ ಸಹಕಾರವನ್ನು ಘೋಷಣಾಪತ್ರಗಳಲ್ಲಿ ಹುಡುಕುವುದಕ್ಕಿಂತ, ಅವು ದಿನನಿತ್ಯವೂ ಬಳಸುವ ಸಮಾನ ನಿಯಮಗಳಲ್ಲಿ ಹುಡುಕುವುದು ಯುಕ್ತ.

ಆ ನಿಯಮಗಳಲ್ಲಿ ಮೊದಲನೆಯದು ಲೇಖನದ ಗುರುತುವಿವರ. ಇದಕ್ಕೆ ‘ಮೆಟಾಡೇಟಾ’ ಎಂಬ ಹೆಸರಿದೆ. ಹಸ್ತಪ್ರತಿಗಳ ಅಭ್ಯಾಸವುಳ್ಳವರಿಗೆ ಇದನ್ನು ತಿಳಿಯಲು ಕಷ್ಟವಾಗದು. ಗ್ರಂಥದ ಅಂತ್ಯದಲ್ಲಿ ಲಿಪಿಕಾರನು ಗ್ರಂಥದ ಹೆಸರು, ಕರ್ತೃವಿನ ಹೆಸರು, ಪ್ರತಿ ಮಾಡಿದ ಸಂವತ್ಸರ, ತಿಥಿ, ಸ್ಥಳ, ತನ್ನ ಹೆಸರು ಇವನ್ನು ಬರೆದಿಟ್ಟರೆ ಸೂಚಿಕಾರನ ಕೆಲಸ ಸುಗಮ. ಪುಷ್ಪಿಕೆ ಲೋಪವಾದ ಕಟ್ಟಿನ ಮುಂದೆ ಆತನು ದಿನಗಟ್ಟಲೆ ಕೂರಬೇಕಾಗುತ್ತದೆ. ವಿದ್ಯುನ್ಮಾನ ಲೇಖನಕ್ಕೂ ಇಂಥದೇ ಪುಷ್ಪಿಕೆ ಬೇಕು. ಅದನ್ನು ಓದುವುದು ಯಂತ್ರವಾದ್ದರಿಂದ, ಎಲ್ಲರೂ ಒಂದೇ ಕ್ರಮದಲ್ಲಿ ಬರೆಯುವುದು ಅನಿವಾರ್ಯ. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ನಡೆದ ಗೋಷ್ಠಿಯಿಂದ ಆರಂಭವಾದ ವಿಚಾರವಿನಿಮಯದ ಫಲವಾಗಿ ಕರ್ತೃ, ಶೀರ್ಷಿಕೆ, ವಿಷಯ, ಭಾಷೆ, ದಿನಾಂಕ ಮುಂತಾದ 15 ಅಂಶಗಳ ಒಂದು ಪಟ್ಟಿ ನಿಷ್ಕರ್ಷೆಗೊಂಡಿತು. ಆ ಊರಿನ ಹೆಸರೇ ಪಟ್ಟಿಗೆ ನಿಂತು ‘ಡಬ್ಲಿನ್ ಕೋರ್’ ಎನಿಸಿತು.

ಗುರುತುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕ್ರಮವು 1999ರಲ್ಲಿ ಸಾಂಟಾ ಫೇ ನಗರದ ಸಭೆಯಲ್ಲಿ ಚರ್ಚಿತವಾಗಿ, 2001ರಲ್ಲಿ ಮೊದಲ ರೂಪವನ್ನೂ 2002ರಲ್ಲಿ ಸ್ಥಿರವಾದ ರೂಪವನ್ನೂ ಪಡೆಯಿತು. ಇದರ ಕಾರ್ಯವಿಧಾನ ಸರಳವಾದುದು. ಒಂದು ಸೂಚಿಕೇಂದ್ರದ ಯಂತ್ರವು ಪ್ರಕಟಣವೇದಿಕೆಯ ಯಂತ್ರವನ್ನು ನಿಯತಕಾಲದಲ್ಲಿ ಪ್ರಶ್ನಿಸುತ್ತದೆ: ಇಂಥ ದಿನಾಂಕದಿಂದ ಈಚೆಗೆ ಹೊಸದಾಗಿ ಸೇರಿದುದು ಏನು, ತಿದ್ದಲ್ಪಟ್ಟುದು ಏನು? ಉತ್ತರವಾಗಿ ಗುರುತುವಿವರಗಳಷ್ಟೇ ಬರುತ್ತವೆ. ಲೇಖನವು ತನ್ನ ಮೂಲಸ್ಥಾನದಲ್ಲಿಯೇ ಉಳಿಯುತ್ತದೆ; ಓದುಗನು ಸೂಚಿಯಿಂದ ಅಲ್ಲಿಗೇ ಹೋಗುತ್ತಾನೆ. ಹೀಗಾಗಿ ಯಾವ ಸಂಸ್ಥೆಯೂ ತನ್ನ ಭಂಡಾರವನ್ನು ಬಿಟ್ಟುಕೊಡದೆ ಎಲ್ಲ ಭಂಡಾರಗಳನ್ನೂ ಒಟ್ಟಿಗೆ ಹುಡುಕುವುದು ಸಾಧ್ಯವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2002ರಲ್ಲಿ ತನ್ನ ವಿದ್ವಾಂಸರ ಲೇಖನಗಳಿಗಾಗಿ ತೆರೆದ ಸಂಗ್ರಹವೂ ಇದೇ ನಿಯಮವನ್ನು ಅನುಸರಿಸಿದುದು. ಭಾರತದಲ್ಲಿ ಅಂಥ ಸಾಂಸ್ಥಿಕ ಸಂಗ್ರಹಗಳ ಪೈಕಿ ಅದೇ ಮೊದಲಿನದು.

ಈ ಕ್ರಮದಲ್ಲಿ ದೋಷಗಳಿಲ್ಲವೆಂದಲ್ಲ. ಒಬ್ಬನೇ ಲೇಖಕನ ಹೆಸರು ಮೂರು ವೇದಿಕೆಗಳಲ್ಲಿ ಮೂರು ಬಗೆಯಾಗಿ ರೋಮನ್ ಲಿಪಿಗೆ ಬಂದಿದ್ದರೆ ಯಂತ್ರವು ಮೂವರೆಂದೇ ಭಾವಿಸುತ್ತದೆ. ಪ್ರಾಚೀನ ಕರ್ತೃಗಳ ವಿಷಯದಲ್ಲಿ ಒಂದೇ ಹೆಸರಿನ ಹಲವರನ್ನು ಬೇರ್ಪಡಿಸುವ, ಹಲವು ಹೆಸರಿನ ಒಬ್ಬನನ್ನು ಗುರುತಿಸುವ ಶ್ರಮ ಎಷ್ಟೆಂಬುದು ಸಾಹಿತ್ಯಚರಿತ್ರೆಯ ಓದುಗರಿಗೆ ತಿಳಿದುದೇ ಆಗಿದೆ. ಇದರ ಪರಿಹಾರಕ್ಕೆಂದು 2012ರಿಂದ ‘ಆರ್ಕಿಡ್’ ಎಂಬ ಸಂಸ್ಥೆಯು ಪ್ರತಿಯೊಬ್ಬ ಲೇಖಕನಿಗೂ 16 ಸ್ಥಾನಗಳ ಸಂಖ್ಯೆಯೊಂದನ್ನು ಕೊಡುತ್ತಿದೆ.

ಪತ್ರಿಕೆಯನ್ನು ನಡೆಸುವ ತಂತ್ರಾಂಶದ ವಿಷಯದಲ್ಲಿಯೂ ಸಹಕಾರವು ಫಲಕಾರಿಯಾಗಿದೆ. ಜಾನ್ ವಿಲಿನ್ಸ್ಕಿ ಎಂಬ ಪ್ರಾಧ್ಯಾಪಕರು 1998ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ‘ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್’ ಎಂಬ ಯೋಜನೆಯು 2001ರಲ್ಲಿ ‘ಓಪನ್ ಜರ್ನಲ್ ಸಿಸ್ಟಮ್ಸ್’ ಎಂಬ ತಂತ್ರಾಂಶವನ್ನು ಹೊರತಂದಿತು. ಲೇಖನದ ಸ್ವೀಕಾರ, ತಜ್ಞರಿಗೆ ರವಾನೆ, ತಿದ್ದುಪಡಿ, ಪ್ರಕಟಣೆ ಇವೆಲ್ಲವೂ ಅದರಲ್ಲಿಯೇ ನಡೆಯುತ್ತವೆ, ಅದಕ್ಕೆ ಬೆಲೆಯಿಲ್ಲ. ಇಂದು 25,000ಕ್ಕೂ ಮಿಕ್ಕಿದ ಪತ್ರಿಕೆಗಳು ಇದನ್ನು ಬಳಸುತ್ತಿವೆ. ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾಗಳ ಪತ್ರಿಕಾವೇದಿಕೆಗಳು ಇದೇ ತಂತ್ರಾಂಶದ ಮೇಲೆ ನಿಂತಿವೆ. ಗುರುತುವಿವರಗಳು ಅದರಲ್ಲಿ ತಾವಾಗಿಯೇ ಸಿದ್ಧವಾಗುವುದರಿಂದ, ಒಬ್ಬಿಬ್ಬರು ಅಧ್ಯಾಪಕರು ಬಿಡುವಿನ ವೇಳೆಯಲ್ಲಿ ನಡೆಸುವ ಚಿಕ್ಕ ಪತ್ರಿಕೆಯೂ ದೊಡ್ಡ ಸೂಚಿಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಇಲ್ಲಿಯವರೆಗಿನದು ಭಿನ್ನಾಭಿಪ್ರಾಯಕ್ಕೆ ಆಸ್ಪದವಿಲ್ಲದ ಭಾಗ. ಹಣದ ಪ್ರಶ್ನೆ ಬಂದಾಗ ಸಹಕಾರವು ಪರೀಕ್ಷೆಗೆ ಒಳಗಾಗುತ್ತದೆ. ಪ್ರಬಲ ವಾಣಿಜ್ಯ ಪ್ರಕಾಶಕರು ಮುಕ್ತ ಪ್ರವೇಶವನ್ನು ಮೊದಮೊದಲು ವಿರೋಧಿಸಿ, ತರುವಾಯ ಅದನ್ನು ತಮ್ಮ ರೀತಿಯಲ್ಲಿ ಅಂಗೀಕರಿಸಿದರು: ಓದುಗನಿಂದ ಪಡೆಯುತ್ತಿದ್ದ ಹಣವನ್ನು ಲೇಖಕನಿಂದ ಪಡೆಯತೊಡಗಿದರು. 2020ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯು ಒಂದು ಲೇಖನವನ್ನು ಮುಕ್ತವಾಗಿ ಪ್ರಕಟಿಸಲು 9,500 ಯೂರೋ ಶುಲ್ಕವನ್ನು ಗೊತ್ತುಪಡಿಸಿತು. ಸಂಪನ್ನ ದೇಶದ ವಿಶ್ವವಿದ್ಯಾನಿಲಯವು ಇದನ್ನು ತೆರಬಲ್ಲುದು. ಬಡ ದೇಶದ ವಿದ್ವಾಂಸನು ಹಿಂದೆ ಓದಲಾರದವನಾಗಿದ್ದನು. ಈ ಕ್ರಮದಲ್ಲಿ ಓದಬಲ್ಲನು, ಬರೆಯಲಾರನು. ಶುಲ್ಕದಲ್ಲಿ ರಿಯಾಯಿತಿ ಉಂಟೆಂಬುದು ದಿಟ. ಆದರೆ ಹಕ್ಕಿನಿಂದ ಪ್ರಕಟಿಸುವುದಕ್ಕೂ ಬೇಡಿ ಪ್ರಕಟಿಸುವುದಕ್ಕೂ ಅಂತರವಿದೆ.

ರೆಡಾಲಿಕ್ ಮತ್ತು ಅಮೆಲಿಕಾ ಇವೆರಡರ ನಿಲುವು ಈ ಕಾರಣದಿಂದ ಗಮನಾರ್ಹವಾದುದು. ಓದುಗನಿಂದಲೂ ಲೇಖಕನಿಂದಲೂ ಹಣ ಪಡೆಯದ ಪತ್ರಿಕೆಗಳಿಗೆ ಮಾತ್ರ ಅಲ್ಲಿ ಸ್ಥಾನ. ವೆಚ್ಚವನ್ನು ವಿಶ್ವವಿದ್ಯಾನಿಲಯಗಳೂ ಸರ್ಕಾರಗಳೂ ಹೊರುತ್ತವೆ. ಈ ಮಾರ್ಗಕ್ಕೆ ‘ವಜ್ರ ಮುಕ್ತ ಪ್ರವೇಶ’ವೆಂಬ, ಕೊಂಚ ಆಡಂಬರದ, ಹೆಸರು ಬಿದ್ದಿದೆ. 2021ರಲ್ಲಿ ಯೂರೋಪಿನ ಸಂಶೋಧನ ಪೋಷಕ ಸಂಸ್ಥೆಗಳು ಮಾಡಿಸಿದ ಅಧ್ಯಯನವು ಪ್ರಪಂಚದಲ್ಲಿ ಇಂಥ ಪತ್ರಿಕೆಗಳು 17,000ದಿಂದ 29,000ದವರೆಗೆ ಇರಬಹುದೆಂದು ಅಂದಾಜು ಮಾಡಿತು. ಅವುಗಳಲ್ಲಿ ಬಹುಪಾಲು ಚಿಕ್ಕವು, ಹಲವು ಸ್ಥಳೀಯ ಭಾಷೆಗಳಲ್ಲಿ ಹೊರಬರುವಂಥವು. ಸ್ವೀಡನ್ ದೇಶದ ಲುಂಡ್ ವಿಶ್ವವಿದ್ಯಾನಿಲಯದಲ್ಲಿ 2003ರಲ್ಲಿ 300 ಪತ್ರಿಕೆಗಳಿಂದ ಆರಂಭವಾಗಿ ಇಂದು 20,000ವನ್ನು ಮೀರಿರುವ ಮುಕ್ತ ಪತ್ರಿಕೆಗಳ ಸೂಚಿಯಲ್ಲಿ ಸಹ, ಆಗ ಇವುಗಳ ಪೈಕಿ ಸುಮಾರು 10,000 ಮಾತ್ರ ದಾಖಲಾಗಿದ್ದವು. 2023ರ ಅಕ್ಟೋಬರಿನಲ್ಲಿ ಈ ಮಾರ್ಗದ ಮೊದಲ ಜಾಗತಿಕ ಸಮ್ಮೇಳನವು ತೊಲೂಕಾದಲ್ಲಿಯೂ, ಎರಡನೆಯದು 2024ರ ಡಿಸೆಂಬರಿನಲ್ಲಿ ಕೇಪ್ ಟೌನ್‌ನಲ್ಲಿಯೂ ನಡೆದವು. ಸಮ್ಮೇಳನದ ಸ್ಥಾನವು ಯೂರೋಪಿನಿಂದ ಹೊರಗೆ ಬಂದುದನ್ನು ಕಡೆಗಣಿಸುವಂತಿಲ್ಲ.

ಉಳಿದಿರುವುದು ಸಂರಕ್ಷಣೆಯ ವಿಷಯ. ಚಿಕ್ಕ ಪತ್ರಿಕೆಗಳಿಗೆ ದೊಡ್ಡ ಅಪಾಯವಿರುವುದೂ ಇಲ್ಲಿಯೇ. ಫಿನ್‌ಲೆಂಡ್ ಮತ್ತು ಜರ್ಮನಿಯ ಮೂವರು ವಿದ್ವಾಂಸರು 2021ರಲ್ಲಿ ಪ್ರಕಟಿಸಿದ ಶೋಧದ ಪ್ರಕಾರ, 2000ದಿಂದ 2019ರವರೆಗೆ 174 ಮುಕ್ತ ಪತ್ರಿಕೆಗಳು ಅಂತರ್ಜಾಲದಿಂದ ಸಂಪೂರ್ಣವಾಗಿ ಮರೆಯಾಗಿದ್ದವು. ಇವು ಇದ್ದವೆಂಬುದು ಹಳೆಯ ಸೂಚಿಗಳಿಂದಲೇ ತಿಳಿದುಬಂದಿತು. ಕವಿರಾಜಮಾರ್ಗದಲ್ಲಿ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಹೆಸರುಗಳಿದ್ದು ಅವರ ಕನ್ನಡ ಗದ್ಯಕೃತಿಗಳು ದೊರೆಯದಿರುವಂತೆಯೇ ಇದು. ಅಲ್ಲಿ ಶತಮಾನಗಳು ಕಳೆದಿವೆ, ಇಲ್ಲಿ 20 ವರ್ಷಗಳು ಸಾಕಾದವು. ಸಂಪಾದಕನು ನಿವೃತ್ತನಾದನು, ಸಂಸ್ಥೆಯ ಅನುದಾನ ನಿಂತಿತು, ಯಂತ್ರವನ್ನು ಬದಲಿಸಿದರು ಎಂಬಂಥ ಸಾಮಾನ್ಯ ಕಾರಣಗಳೇ ಪತ್ರಿಕೆಯೊಂದನ್ನು ಅಳಿಸಿಹಾಕಬಲ್ಲವು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 1999ರಲ್ಲಿ ಆರಂಭವಾದ ‘ಲಾಕ್ಸ್’ ಎಂಬ ಕ್ರಮವು ಇದಕ್ಕೆ ಒಂದು ಉಪಾಯವನ್ನು ಒದಗಿಸಿದೆ. ಹಲವು ಗ್ರಂಥಾಲಯಗಳು ಒಂದೇ ಲೇಖನದ ಪ್ರತಿಗಳನ್ನು ಇಟ್ಟುಕೊಂಡು, ಅವುಗಳನ್ನು ಆಗಾಗ್ಗೆ ಪರಸ್ಪರ ಹೋಲಿಸುತ್ತವೆ. ಒಂದರಲ್ಲಿ ವ್ಯತ್ಯಾಸ ಕಂಡುಬಂದರೆ ಉಳಿದವುಗಳ ಬಹುಮತದಂತೆ ಅದನ್ನು ಸರಿಪಡಿಸುತ್ತವೆ. ಪ್ರತಿಗಳ ಸಂಖ್ಯೆಯನ್ನು ಎಣಿಸಿ ಪಾಠನಿರ್ಣಯ ಮಾಡುವುದು ಗ್ರಂಥಸಂಪಾದನೆಯಲ್ಲಿ ಸಲ್ಲದ ಕ್ರಮ. ಒಂದೇ ಮೂಲದಿಂದ ಅಕ್ಷರವೂ ತಪ್ಪದೆ ಇಳಿದ ಯಂತ್ರಪ್ರತಿಗಳಲ್ಲಿ ಮಾತ್ರ ಅದು ಸಲ್ಲುತ್ತದೆ.

ಆದರೆ ಇಂಥ ಜಾಲಗಳನ್ನು ಸೇರುವುದಕ್ಕೂ ಸಾಮರ್ಥ್ಯ ಬೇಕು. ಶುಲ್ಕ ಪಡೆಯದ ಪತ್ರಿಕೆಗಳಿಗೆ ಅದು ಇಲ್ಲದಿರುವುದನ್ನು ಕಂಡು 2020ರ ನವೆಂಬರಿನಲ್ಲಿ ಐದು ಸಂಸ್ಥೆಗಳು ‘ಜಾಸ್ಪರ್’ ಎಂಬ ಯೋಜನೆಯನ್ನು ಪ್ರಕಟಪಡಿಸಿದವು. ಮೇಲೆ ಹೇಳಿದ ಮುಕ್ತ ಪತ್ರಿಕೆಗಳ ಸೂಚಿಯು ಇದರಲ್ಲಿ ಪ್ರವೇಶದ್ವಾರದಂತಿದೆ. ‘ಓಪನ್ ಜರ್ನಲ್ ಸಿಸ್ಟಮ್ಸ್’ ಬಳಸುವ ಪತ್ರಿಕೆಯು ಆ ತಂತ್ರಾಂಶವನ್ನು ರಚಿಸಿದವರ ಸಂರಕ್ಷಣಜಾಲಕ್ಕೂ, ಗುರುತುವಿವರಗಳನ್ನು ಕ್ರಮವಾಗಿ ಒದಗಿಸಬಲ್ಲ ಪತ್ರಿಕೆಯು ಲಾಕ್ಸ್ ತತ್ತ್ವವನ್ನೇ ಅನುಸರಿಸುವ ‘ಕ್ಲಾಕ್ಸ್’ ಭಂಡಾರಕ್ಕೂ ಸೇರುತ್ತದೆ. ಇವೆರಡೂ ಸಾಧ್ಯವಿಲ್ಲದ ಪತ್ರಿಕೆಯ ಪುಟಗಳನ್ನು ‘ಇಂಟರ್‌ನೆಟ್ ಆರ್ಕೈವ್’ ತಾನೇ ಬಂದು ಪ್ರತಿ ಮಾಡಿಕೊಳ್ಳುತ್ತದೆ. ಯಾವ ಪತ್ರಿಕೆಯ ಯಾವ ಸಂಪುಟವು ಯಾರಲ್ಲಿ ರಕ್ಷಿತವಾಗಿದೆಯೆಂಬ ದಾಖಲೆಯನ್ನು ಪ್ಯಾರಿಸಿನ ಅಂತರರಾಷ್ಟ್ರೀಯ ಐಎಸ್ಎಸ್ಎನ್ ಕೇಂದ್ರವು ಇಟ್ಟಿರುತ್ತದೆ; ಅದನ್ನು ಯಾರು ಬೇಕಾದರೂ ನೋಡಬಹುದು.