ಸಹಿಯಷ್ಟೇ ಸಮ್ಮತಿಯಲ್ಲ

ಪ್ರನಾಳ ಶಿಶು ಚಿಕಿತ್ಸೆಯಲ್ಲಿ ದಂಪತಿಗೆ ಹಲವು ವೇಳೆ ಅಗತ್ಯಕ್ಕಿಂತ ಹೆಚ್ಚು ಭ್ರೂಣಗಳು ದೊರೆಯುತ್ತವೆ. ಒಂದೆರಡನ್ನು ಗರ್ಭಕ್ಕೆ ಸೇರಿಸಿ, ಉಳಿದವನ್ನು ಅತಿಶೈತ್ಯದಲ್ಲಿ ಕಾಪಿಡಲಾಗುತ್ತದೆ. ಈ ಉಳಿಕೆ ಭ್ರೂಣಗಳ ಗತಿಯೇನು ಎಂಬುದು ಕೇವಲ ಪ್ರಯೋಗಾಲಯದ ಪ್ರಶ್ನೆಯಲ್ಲ.

ಫಲಿತಗೊಂಡ ಅಂಡಾಣು ಸುಮಾರು ಒಂದು ದಿನದಲ್ಲಿ ಎರಡು ಕೋಶಗಳಾಗುತ್ತದೆ. ಮೂರನೆಯ ದಿನಕ್ಕೆ ಎಂಟರಷ್ಟು. ಐದನೆಯ ದಿನ ಅದು ದ್ರವ ತುಂಬಿದ ಸೂಕ್ಷ್ಮ ಗೋಳ. ಅದರ ಹೊರಪದರ ಮಾಸುವಿನ ಮೂಲ. ಒಳಗಿನ ಕೋಶಗುಚ್ಛ ಶಿಶುವಿನ ದೇಹದ ಮೂಲ. ನರ, ರಕ್ತ, ಹೃದಯ ಯಾವುದೂ ಆಗಬಲ್ಲ ಈ ಗುಚ್ಛದಿಂದಲೇ ಭ್ರೂಣಮೂಲದ ಆಕರಕೋಶಗಳು, ಅರ್ಥಾತ್ ಸ್ಟೆಮ್ ಸೆಲ್‌ಗಳು, ದೊರೆಯುತ್ತವೆ. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಅವರ ತಂಡ ಇವನ್ನು ಮಾನವ ಭ್ರೂಣದಿಂದ ಬೇರ್ಪಡಿಸಿ ಬೆಳೆಸಿತು. 2001ರಲ್ಲಿ ಅಮೆರಿಕ ಸರ್ಕಾರ ಸಂಶೋಧನಾ ಅನುದಾನಕ್ಕೆ ಅರ್ಹವೆಂದು ಪ್ರಕಟಿಸಿದ ಕೋಶಗಳ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಹೆಸರೂ ಇತ್ತು. ಆದರೆ ಈ ಗುಚ್ಛವನ್ನು ತೆಗೆದರೆ ಭ್ರೂಣ ಉಳಿಯದು. ನೈತಿಕ ತೊಡಕಿನ ಮೂಲ ಇದೇ.

ಅನ್ಯ ಮೂಲಗಳೂ ಇವೆ. ಅಸ್ಥಿಮಜ್ಜೆ ಮತ್ತು ಹೊಕ್ಕುಳಬಳ್ಳಿಯ ರಕ್ತ ನಿರಪಾಯಕರವಾದರೂ ಅವುಗಳ ಸಾಮರ್ಥ್ಯ ಬಹುಮಟ್ಟಿಗೆ ರಕ್ತಸಂಬಂಧಿ ಕಾಯಿಲೆಗಳಿಗೆ ಸೀಮಿತ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮಕೋಶಗಳನ್ನೇ ಭ್ರೂಣಕೋಶಸದೃಶ ಸ್ಥಿತಿಗೆ ಮರಳಿಸಿದರು. 2012ರಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡರು. ಆದರೂ ಗರ್ಭ ನಿಲ್ಲದಿರುವುದೇಕೆ ಎಂಬಂಥ ಪ್ರಶ್ನೆಗಳಿಗೆ ಭ್ರೂಣದ ಅಧ್ಯಯನ ಇಂದಿಗೂ ಬೇಕು.

ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ಪ್ರಕಾರ ಪ್ರಯೋಗಾಲಯದಲ್ಲಿ ಭ್ರೂಣವನ್ನು 14 ದಿನಗಳಾಚೆ ಬೆಳೆಸುವಂತಿಲ್ಲ. ದೇಹದ ಅಕ್ಷರೇಖೆ ಮೂಡುವುದು ಆ ವೇಳೆಗೆ. 2021ರ ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನ ಕಾಯ್ದೆಯಂತೆ ಭ್ರೂಣವನ್ನು ಹತ್ತು ವರ್ಷ ಮಾತ್ರ ಕಾಪಿಡಬಹುದು. ಬಳಿಕ ನಶಿಸಲು ಬಿಡಬೇಕು, ಇಲ್ಲವೇ ದಂಪತಿಯ ಸಮ್ಮತಿ ಪಡೆದು ಸಂಶೋಧನೆಗೆ ನೀಡಬೇಕು.

ತೊಡಕಿರುವುದು ಆ ಸಮ್ಮತಿಯಲ್ಲೇ. ಕಡತಗಳ ನಡುವೆ ಸೇವೆ ಮುಗಿಸಿದ ನನ್ನಂಥವರಿಗೆ ಸಹಿಗೂ ಸಮ್ಮತಿಗೂ ಇರುವ ಅಂತರ ತಿಳಿದೇ ಇದೆ. ಮಗುವಿಗಾಗಿ ಹಂಬಲಿಸುವವರು ತಮ್ಮ ಮುಂದಿಟ್ಟ ಯಾವ ಕಾಗದಕ್ಕೂ ಸಹಿ ಹಾಕಿಯಾರು. ಆದ್ದರಿಂದ ಸಂಶೋಧನೆಯ ನಮೂನೆ ಚಿಕಿತ್ಸೆಯದರಿಂದ ಪ್ರತ್ಯೇಕವಾಗಿರಲಿ, ಕನ್ನಡದಲ್ಲಿರಲಿ. ಭ್ರೂಣವನ್ನು ಬಳಸುವ ಮುನ್ನ ಮತ್ತೊಮ್ಮೆ ಕೇಳಲಿ. ಶುಲ್ಕ ರಿಯಾಯಿತಿಯ ಆಮಿಷ ಬೇಡ. ಬೆಲೆ ಕಟ್ಟಿದೊಡನೆ ದಾನವು ವ್ಯಾಪಾರವಾಗುತ್ತದೆ.

ಭ್ರೂಣವನ್ನು ಜೀವವೆಂದು ಭಾವಿಸಿ ನಿರಾಕರಿಸುವವರೂ, ಪರರ ಬದುಕಿಗೆ ನೆರವಾಗಲೆಂದು ನೀಡುವವರೂ ಸಮಾನ ಗೌರವಕ್ಕೆ ಅರ್ಹರು. ಎರಡೂ ತಿಳಿದು ಮಾಡಿದ ಆಯ್ಕೆಯಾಗಿರಬೇಕು, ಅಷ್ಟೆ.