ಇಂಗ್ಲಿಷಿನ ಒಂದು ‘ಸೀ’, ತುರ್ಕಿಯಲ್ಲಿ ಹಲವು ರೂಪ

ಇಂಗ್ಲಿಷಿನ ‘ಸೀ’ ಕ್ರಿಯಾಪದಕ್ಕೆ ತುರ್ಕಿ ಭಾಷೆಯ ಪ್ರಧಾನ ಸಮಾನಪದ ‘ಗೊರ್ಮೆಕ್’. ಅಂದರೆ ನೋಡು, ಕಾಣು. ಆದರೆ ಎಲ್ಲೆಡೆ ಇದೊಂದನ್ನೇ ಬಳಸಿದರೆ ಅರ್ಥ ಕೆಡುತ್ತದೆ. ವಿಷಯ ತಿಳಿಯಿತೆಂದು ಇಂಗ್ಲಿಷಿನಲ್ಲಿ ‘ಐ ಸೀ’ ಎನ್ನುವಲ್ಲಿ ತುರ್ಕರು ‘ಅನ್ಲಿಯೊರುಮ್’, ಅರ್ಥವಾಗುತ್ತಿದೆ, ಎನ್ನುತ್ತಾರೆ. ಬೀಳ್ಕೊಳ್ಳುವಾಗಿನ ‘ಸೀ ಯೂ’ಗೆ ‘ಗೊರುಶುರುಜ್’ ಎನ್ನಬೇಕು. ಮತ್ತೆ ಭೇಟಿಯಾಗೋಣ ಎಂಬುದು ಅದರ ಭಾವ.

ವೈದ್ಯರ ವಿಷಯದಲ್ಲಂತೂ ನೋಟದ ದಿಕ್ಕೇ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ರೋಗಿ ವೈದ್ಯರನ್ನು ನೋಡುತ್ತಾನೆ. ತುರ್ಕಿಯಲ್ಲಿ ವೈದ್ಯರಿಗೆ ತಾನು ಕಾಣಿಸಿಕೊಳ್ಳುತ್ತಾನೆ. ‘ದೊಕ್ತೊರಾ ಗೊರುನ್ಮೆಕ್’ ಎಂಬುದು ಆ ನುಡಿಗಟ್ಟು. ಇಲ್ಲಿ ‘ಗೊರ್ಮೆಕ್’ ಬಳಸಿದರೆ, ವೈದ್ಯರು ಕಣ್ಣಿಗೆ ಬಿದ್ದರೆಂದಷ್ಟೇ ಕೇಳುಗರು ತಿಳಿಯಬಹುದು.

‘ಡಾಕ್ಟರಿಗೆ ತೋರಿಸು’ ಎನ್ನುವ ಕನ್ನಡಿಗರಿಗೆ ಇದು ಅಪರಿಚಿತವೇನಲ್ಲ. ಕನಸನ್ನೂ ತುರ್ಕರು ಕನ್ನಡಿಗರಂತೆ ‘ಕಾಣುತ್ತಾರೆ’: ‘ರುಯಾ ಗೊರ್ಮೆಕ್’. ಅನುವಾದಕರು ಇಂಗ್ಲಿಷ್ ಪದವನ್ನಲ್ಲ, ಸಂದರ್ಭವನ್ನು ಹಿಡಿಯುವುದೇ ಕ್ಷೇಮ.