ಎಂಜಿನ್ನಿನ ಎಣ್ಣೆಗೊಂದು ಉಷ್ಣಮಾಪಕ

ಮೋಟಾರು ಕಾರಿನ ಎಂಜಿನ್ನಿನಲ್ಲಿ ಲೋಹದ ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯದಂತೆ ಕಾಪಾಡುವುದು ಕೀಲೆಣ್ಣೆ. ಅದು ಘರ್ಷಣೆಯನ್ನು ತಗ್ಗಿಸುವುದಲ್ಲದೆ, ಆ ಭಾಗಗಳ ಶಾಖವನ್ನೂ ಹೊತ್ತು ತರುತ್ತದೆ. ಹೀಗೆ ಕಾದ ಎಣ್ಣೆಯು ಎಂಜಿನ್ನಿನ ತಳದಲ್ಲಿರುವ ಆಯಿಲ್ ಪ್ಯಾನ್ ಎಂಬ ತಟ್ಟೆಗೆ ಇಳಿದು, ಪಂಪಿನ ಮೂಲಕ ಮತ್ತೆ ಮೇಲೇರುತ್ತದೆ.

ಓಡುತ್ತಿರುವ ಕಾರಿನಲ್ಲಿ ಈ ಎಣ್ಣೆಯ ಉಷ್ಣತೆ ಸಾಮಾನ್ಯವಾಗಿ 90ರಿಂದ 110 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಅದು ಮಿತಿಮೀರಿದರೆ ಎಣ್ಣೆ ತೆಳುವಾಗಿ, ಬೇರಿಂಗುಗಳನ್ನು ಕಾಯುವ ಎಣ್ಣೆಯ ಪೊರೆ ಹರಿಯಬಹುದು, ಎಂಜಿನ್ನೇ ಕೆಟ್ಟೀತು. ನೀರಿನ ಉಷ್ಣತೆಯನ್ನು ತೋರುವ ಮುಳ್ಳನ್ನು ನೋಡಿದರೆ ಸಾಲದೆ? ಸಾಲದು. ಭಾರ ಹೊತ್ತು ಘಟ್ಟವೇರುವಾಗ ಆ ಮುಳ್ಳು ಅಲುಗದಿದ್ದರೂ ಎಣ್ಣೆ ವಿಪರೀತ ಕಾದಿರಬಹುದು.

ಆದ್ದರಿಂದ ತಟ್ಟೆಗೆ ಸಂವೇದಕವೊಂದನ್ನು ಜೋಡಿಸುವುದುಂಟು. ಅದರ ತುದಿಯಲ್ಲಿ ಥರ್ಮಿಸ್ಟರ್ ಇರುತ್ತದೆ. ಶಾಖ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಈ ಬದಲಾವಣೆಯನ್ನು ಮಾಪಕವು ಡಿಗ್ರಿಗಳಾಗಿ ತೋರಿಸುತ್ತದೆ.

ಜೋಡಿಸುವ ಮೊದಲು ಎಂಜಿನ್ನು ಆರಿರಬೇಕು. ಎಣ್ಣೆಯನ್ನು ಪೂರ್ತಿಯಾಗಿ ಬಸಿದಿರಬೇಕು. ಎಣ್ಣೆ ಬಸಿಯುವ ರಂಧ್ರದ ಬಿರಡೆಯ ಸ್ಥಾನದಲ್ಲಿ, ಅದೇ ಅಳತೆಯ ತಿರುಪುಳ್ಳ ಸಂವೇದಕವನ್ನು ತಾಮ್ರದ ವಾಷರಿನೊಡನೆ ಕೂರಿಸುವುದು ಸುಲಭದ ಕ್ರಮ. ಅದರ ತುದಿ ಎಣ್ಣೆಯಲ್ಲಿ ಮುಳುಗಿರಬೇಕು. ಹೊರಭಾಗ ರಸ್ತೆಯ ಕಲ್ಲಿಗೆ ತಾಗದಂತಿರಬೇಕು. ತಟ್ಟೆ ಅಲ್ಯೂಮಿನಿಯಮ್ಮಿನದಾದರೆ, ಅತಿಯಾಗಿ ಬಿಗಿದಾಗ ತಿರುಪಿನ ಎಳೆಗಳು ಕಿತ್ತುಬರುತ್ತವೆ. ತಂತಿಯನ್ನು ಕಾದ ಹೊಗೆಕೊಳವೆಯಿಂದ ದೂರವಾಗಿ ಒಯ್ಯಬೇಕು. ಕೊನೆಗೆ ಎಣ್ಣೆ ತುಂಬಿ, ಎಂಜಿನ್ನನ್ನು ನಡೆಸಿ, ಎಲ್ಲಿಯೂ ಸೋರುತ್ತಿಲ್ಲವೆಂದು ಪರೀಕ್ಷಿಸಬೇಕು. ಸಣ್ಣ ಸೋರಿಕೆಯನ್ನು ಅಲಕ್ಷಿಸಿದರೆ, ಎಂಜಿನ್ನನ್ನು ಕಾಯಲೆಂದು ಇಟ್ಟ ಸಾಧನವೇ ಅದರ ಕೇಡಿಗೆ ಕಾರಣವಾದೀತು.